ಎರಡು ಯುದ್ಧಗಳ ನಡುವೆ: ಟಿಪ್ಪು ಸುಲ್ತಾನ್ ಶಹೀದರ ಫಿರಂಗಿ ಮತ್ತು ರಾಕೆಟ್



ಒಮ್ಮೆ ತರಗತಿಯಲ್ಲಿ ಟಿಪ್ಪು ಸುಲ್ತಾನ್ ಶಹೀದರ ಮಾತು ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. ಅಷ್ಟೊಂದು ಫಿರಂಗಿ, ಅಷ್ಟೊಂದು ರಾಕೆಟ್ ಇದ್ದ ಸುಲ್ತಾನರು ಸೋತಿದ್ದು ಏಕೆ ಎಂಬುದು ಅವನ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಉಳಿದ ಮಕ್ಕಳು ಒಕ್ಕೊರಲಿನಿಂದ ಮೀರ್ ಸಾದಿಕನ ಹೆಸರು ಹೇಳಿಬಿಟ್ಟರು. ನಾನೂ ತಲೆಯಾಡಿಸಿ ಪಾಠ ಮುಂದುವರಿಸಿದೆ. ಆದರೆ ಅಂದು ಸಂಜೆ ತೂಬಗೆರೆಯ ದಾರಿಯಲ್ಲಿ ನಿಂತು ನಂದಿ ಬೆಟ್ಟದ ಸಾಲನ್ನು ನೋಡುವಾಗ, ಆ ಹುಡುಗನಿಗೆ ಅರ್ಧ ಉತ್ತರ ಮಾತ್ರ ಸಿಕ್ಕಿತು ಎನಿಸಿತು. ಉಳಿದ ಅರ್ಧವನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಸುಲ್ತಾನರ ಜೀವನದಲ್ಲಿ ನಾವು ಯುದ್ಧಗಳನ್ನೇ ಓದುತ್ತೇವೆ. ಎರಡು ಯುದ್ಧಗಳ ನಡುವೆ ಅವರು ಏನು ಮಾಡುತ್ತಿದ್ದರು ಎಂಬುದನ್ನು ಓದುವುದು ಕಡಿಮೆ. ಅವರ ನಿಜವಾದ ದೊಡ್ಡತನವೂ, ಅವರ ಸೋಲಿನ ಕಾರಣವೂ ಅಲ್ಲಿಯೇ ಇವೆ.

ನಮ್ಮ ಸೀಮೆಯ ಮನೆತನ

ಈ ಕಥೆ ನಮ್ಮ ಸೀಮೆಯಲ್ಲೇ ಆರಂಭವಾಗುತ್ತದೆ. ಸುಲ್ತಾನರ ತಾತ ಫತೇ ಮುಹಮ್ಮದ್ ಅವರು ಆರ್ಕಾಟಿನ ನವಾಬರ ಸೈನ್ಯದಲ್ಲಿ ಐವತ್ತು ಜನ ರಾಕೆಟ್ ಸಿಪಾಯಿಗಳ ಮುಖ್ಯಸ್ಥರಾಗಿದ್ದವರು. ಆಗಿನ ರಾಕೆಟ್ ಎಂದರೆ ಬಿದಿರಿನದು. ಅದು ಹೆಚ್ಚಾಗಿ ಸನ್ನೆ ಮಾಡಲು, ಆನೆ ಕುದುರೆಗಳನ್ನು ಬೆದರಿಸಲು ಬಳಸುವ ವಸ್ತುವಾಗಿತ್ತು. ಮುಂದೆ ಅವರು ಸಿರಾ ಸುಬೇದಾರರ ಸೇವೆಗೆ ಬಂದು ಯುದ್ಧದಲ್ಲಿ ಮಡಿದರು. ಆಗ ಅವರ ಮಕ್ಕಳಾದ ಶಹಬಾಜ್ ಮತ್ತು ಹೈದರ್ ಅಲಿ ಇನ್ನೂ ಚಿಕ್ಕವರು. ದೊಡ್ಡಬಳ್ಳಾಪುರದ ಜಹಗೀರುದಾರನಾಗಿದ್ದ ಅಬ್ಬಾಸ್ ಕುಲಿ ಖಾನ್ ಆ ಕುಟುಂಬದ ಆಸ್ತಿಯನ್ನೆಲ್ಲ ವಶಪಡಿಸಿಕೊಂಡ. ಇನ್ನಷ್ಟು ಹಣಕ್ಕಾಗಿ ಆ ಇಬ್ಬರು ಹುಡುಗರನ್ನು ನಗಾರಿಯೊಳಗೆ ಕೂರಿಸಿ ಮೇಲಿನಿಂದ ಬಾರಿಸಿ ಹಿಂಸಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಅದೇ ಹೈದರ್ 1761ರ ಹೊತ್ತಿಗೆ ಸಿರಾ, ಹೊಸಕೋಟೆಗಳ ಜೊತೆಗೆ ದೊಡ್ಡಬಳ್ಳಾಪುರವನ್ನೂ ಗೆದ್ದುಕೊಂಡರು. ಅಬ್ಬಾಸ್ ಕುಲಿ ಖಾನ್ ಊರು ಬಿಟ್ಟು ಓಡಿಹೋದ.

1749ರ ದೇವನಹಳ್ಳಿ ಮುತ್ತಿಗೆಯಲ್ಲಿ ತೋರಿದ ಧೈರ್ಯದಿಂದ ಹೈದರ್ ಅಲಿಯವರ ಹೆಸರು ಮೈಸೂರು ದರ್ಬಾರಿಗೆ ತಿಳಿಯಿತು. ಮರುವರ್ಷ, 1750ರ ನವೆಂಬರ್ 20ರಂದು, ಅದೇ ದೇವನಹಳ್ಳಿಯಲ್ಲಿ ಅವರ ಬೇಗಂ ಫಾತಿಮಾ ಫಖ್ರುನ್ನಿಸಾ ಅವರ ಮಡಿಲಲ್ಲಿ ಗಂಡುಮಗು ಹುಟ್ಟಿತು. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಅಕ್ಷರ ಕಲಿಯದ ತಂದೆ ಮಗನಿಗೆ ಒಳ್ಳೆಯ ಉಸ್ತಾದರನ್ನು ನೇಮಿಸಿದರು. ಬಾಲಕ ಟಿಪ್ಪು ಕುರ್‌ಆನ್, ಅರಬ್ಬಿ, ಫಾರಸಿ, ಉರ್ದು, ಕನ್ನಡ ಕಲಿತರು. ಕುದುರೆ ಸವಾರಿ, ಬಂದೂಕು, ಕತ್ತಿವರಸೆಯೂ ಜೊತೆಗೇ ನಡೆಯಿತು. 1767ರಲ್ಲಿ, ಇಂದಿನ ಪಿಯುಸಿ ವಿದ್ಯಾರ್ಥಿಯ ವಯಸ್ಸಿನಲ್ಲಿ, ಕುದುರೆ ದಳದೊಂದಿಗೆ ಮದರಾಸಿನ ಹೊರವಲಯದವರೆಗೆ ಹೋಗಿ ಬಂದರು.

ಬಿದಿರಿನಿಂದ ಕಬ್ಬಿಣಕ್ಕೆ

ಹಳೆಯ ಆಯುಧವನ್ನು ಬಿಸಾಡದೆ ಹೊಸ ಕಾಲಕ್ಕೆ ಹೊಂದಿಸುವುದು ಎಲ್ಲ ಕಾಲದ ಸೈನ್ಯಗಳೂ ಮಾಡಿದ ಕೆಲಸ. ಇಪ್ಪತ್ತನೇ ಶತಮಾನದ ಎರಡು ಮಹಾಯುದ್ಧಗಳ ನಡುವೆ ಬ್ರಿಟಿಷರೂ ಅದನ್ನೇ ಮಾಡಿದರು. ಮೊದಲ ಮಹಾಯುದ್ಧದ ಭಾರೀ ಹೊವಿಟ್ಜರ್ ಫಿರಂಗಿಗಳ ಹಳೆಯ ಗಾಲಿ ತೆಗೆದು, ಲಾರಿ ಎಳೆಯುವಂತೆ ಗಾಳಿ ತುಂಬಿದ ರಬ್ಬರ್ ಟೈರು ಹಾಕಿದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ, 1940ರಲ್ಲಿ, ಎಂಟು ಅಂಗುಲ ಬಾಯಿಯ ಹಳೆಯ ಹೊವಿಟ್ಜರುಗಳೊಳಗೆ ಹೊಸ ಒಳನಳಿಗೆ ಸೇರಿಸಿ ಬಾಯಿಯನ್ನು 7.2 ಅಂಗುಲಕ್ಕೆ ಇಳಿಸಿದರು. ಗುಂಡು ಮೊದಲಿಗಿಂತ ದೂರ ಹೋಯಿತು. ಹೊವಿಟ್ಜರ್ ಎಂದರೆ ಗುಂಡನ್ನು ನೇರವಾಗಿ ಹೊಡೆಯದೆ, ಮೇಲಕ್ಕೆ ಎಸೆದು ಗೋಡೆಯ ಆಚೆ ಬೀಳಿಸುವ ಗಿಡ್ಡ ಫಿರಂಗಿ.

ಅದಕ್ಕೂ ಸುಮಾರು ಒಂದೂವರೆ ಶತಮಾನ ಮೊದಲು ನಮ್ಮ ಮೈಸೂರಿನಲ್ಲಿ ಅಂಥದೇ ಕೆಲಸ ನಡೆದಿತ್ತು. ಬಿದಿರು ಅಥವಾ ಕಾಗದದ ನಳಿಗೆಯ ರಾಕೆಟ್ಟಿಗೆ ಹೆಚ್ಚು ಮದ್ದು ತುಂಬಿದರೆ ನಳಿಗೆಯೇ ಒಡೆಯುತ್ತಿತ್ತು. ಹೈದರ್ ಅಲಿ ಮತ್ತು ಟಿಪ್ಪು ಅವರ ಕಾಲದಲ್ಲಿ ಬಿದಿರಿನ ಜಾಗಕ್ಕೆ ಬಡಿದು ಸುತ್ತಿದ ಮೆತು ಕಬ್ಬಿಣದ ನಳಿಗೆ ಬಂತು. ಕಬ್ಬಿಣ ಒತ್ತಡ ತಡೆಯುತ್ತದೆ. ಆದ್ದರಿಂದ ಮದ್ದನ್ನು ಗಟ್ಟಿಯಾಗಿ ಕೂರಿಸಬಹುದು. ಉರಿದ ಅನಿಲ ಹಿಂದಿನ ಸಣ್ಣ ರಂಧ್ರದಿಂದ ರಭಸವಾಗಿ ಹೊರಬಂದಷ್ಟೂ ರಾಕೆಟ್ ಮುಂದಕ್ಕೆ ನುಗ್ಗುತ್ತದೆ. ವಿಜ್ಞಾನ ಪುಸ್ತಕದಲ್ಲಿ ನೀವು ಓದುವ ನ್ಯೂಟನ್ನನ ಮೂರನೇ ನಿಯಮ ಇದೇ. ಸುಮಾರು ಒಂದು ಗೇಣು ಉದ್ದದ ಆ ನಳಿಗೆಯನ್ನು ಉದ್ದನೆಯ ಬಿದಿರು ಗಳುವಿಗೆ, ಕೆಲವೊಮ್ಮೆ ಕತ್ತಿಯ ಅಲಗಿಗೆ, ಕಟ್ಟಿ ಹಾರಿಸುತ್ತಿದ್ದರು. ಅದು ಒಂದು ಕಿಲೋಮೀಟರಿನಷ್ಟು, ಕೆಲವು ಅದಕ್ಕೂ ದೂರ ಹೋಗುತ್ತಿದ್ದವು. ಆಗ ಯುರೋಪಿನ ಯಾವ ಸೈನ್ಯದ ಬಳಿಯೂ ಇಂಥ ರಾಕೆಟ್ ಇರಲಿಲ್ಲ.

ಇದರ ಹಿಂದೆ ಇದ್ದವರು ನಮ್ಮ ಹಳ್ಳಿಗಳ ಕಮ್ಮಾರರು. ಮಾಗಡಿ, ಮಧುಗಿರಿ ಕಡೆಯ ಊರುಗಳಲ್ಲಿ ಕಪ್ಪು ಮರಳಿನಿಂದ, ಅದಿರಿನಿಂದ ಕಬ್ಬಿಣ ಕರಗಿಸುವ ಕುಲುಮೆಗಳು ಉರಿಯುತ್ತಿದ್ದವು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ತಂದೆ ಮಗನ ಕೈಗೆ ಸಿಕ್ಕಿ ನುಚ್ಚುನೂರಾಯಿತು. ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದದ್ದೇ ಆ ಯುದ್ಧದ ತಿರುವು. ರಾಕೆಟ್ ತಗುಲಿ ಅವು ಸಿಡಿದವೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಆ ದೃಶ್ಯವನ್ನು ನೀವು ಪ್ರವಾಸದಲ್ಲಿ ನೋಡಿರಬಹುದು.

ಮೊದಲ ಬಿಡುವು: 1784ರಿಂದ 1789

1782ರ ಡಿಸೆಂಬರಿನಲ್ಲಿ ಹೈದರ್ ಅಲಿಯವರು ಚಿತ್ತೂರಿನ ಸಮೀಪ ಪಾಳೆಯದಲ್ಲಿಯೇ ತೀರಿಕೊಂಡರು. ಟಿಪ್ಪು ಅಧಿಕಾರಕ್ಕೆ ಬಂದರು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದೊಂದಿಗೆ ಎರಡನೇ ಮೈಸೂರು ಯುದ್ಧ ಮುಗಿಯಿತು. ಇಂಗ್ಲಿಷರು ಮತ್ತೆ ಬರುತ್ತಾರೆಂಬುದು ಸುಲ್ತಾನರಿಗೆ ತಿಳಿದಿತ್ತು. ಬಿಡುವು ಸಿಕ್ಕ ಕೂಡಲೇ ಅವರು ಕೆಲಸಕ್ಕೆ ಕೂತರು.

ಮೊದಲನೆಯದು ವ್ಯವಸ್ಥೆ. ಜೈನುಲ್ ಆಬಿದೀನ್ ಶುಸ್ತರಿ ಅವರಿಂದ ಫತ್‌ಹುಲ್ ಮುಜಾಹಿದೀನ್ ಎಂಬ ಸೈನಿಕ ನಿಯಮಗಳ ಫಾರಸಿ ಗ್ರಂಥ ಸಿದ್ಧವಾಯಿತು. ಸೈನ್ಯವನ್ನು ಕಷೂನ್ ಎಂಬ ದಳಗಳಾಗಿ ವಿಂಗಡಿಸಿ, ಒಂದೊಂದು ಕಷೂನಿಗೂ 200 ರಾಕೆಟ್ ಸಿಪಾಯಿಗಳನ್ನು ಗೊತ್ತುಮಾಡಿದರು. ಹೈದರ್ ಅಲಿಯವರ ಕಾಲದಲ್ಲಿ ಸುಮಾರು 1200 ಇದ್ದ ರಾಕೆಟ್ ಪಡೆ ಟಿಪ್ಪು ಅವರ ಕಾಲಕ್ಕೆ ಸುಮಾರು 5000ಕ್ಕೆ ಏರಿತು. ನಳಿಗೆಯ ಸುತ್ತಳತೆ ಮತ್ತು ಗುರಿಯ ದೂರ ನೋಡಿ ಯಾವ ಕೋನದಲ್ಲಿ ಹಾರಿಸಬೇಕೆಂಬುದನ್ನು ಸಿಪಾಯಿಗಳಿಗೆ ಕಲಿಸಲಾಗುತ್ತಿತ್ತು.

ಎರಡನೆಯದು ಕಾರ್ಖಾನೆ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ತಾರಾಮಂಡಲ ಪೇಟೆಗಳು ಎದ್ದವು. ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿ ತಾರಾಮಂಡಲ ಪೇಟೆ ಎಂಬ ಹೆಸರು ಈಗಲೂ ಉಳಿದಿದೆ. ಮುಂದಿನ ಸಲ ಹೋದಾಗ ಆ ಹೆಸರಿನ ಅರ್ಥ ನೆನಪಿಸಿಕೊಳ್ಳಿ. ಬಾಯಿಯನ್ನು ಹುಲಿಯ ಮುಖದಂತೆ ಎರಕ ಹೊಯ್ದ ಕಂಚಿನ ಫಿರಂಗಿಗಳೂ ಸುಲ್ತಾನರ ಕಾರ್ಖಾನೆಗಳಲ್ಲಿ ತಯಾರಾದವು. ಅವುಗಳಲ್ಲಿ ಕೆಲವು ಇಂದು ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳಲ್ಲಿವೆ.

ಮೂರನೆಯದು ಎಳೆತ. ಫಿರಂಗಿ ಎಷ್ಟು ಒಳ್ಳೆಯದಾದರೂ ಸಮಯಕ್ಕೆ ತಲುಪದಿದ್ದರೆ ಅದು ಬರೀ ಲೋಹದ ಕೊರಡು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯ ರಾಸುಗಳನ್ನು ಸುಲ್ತಾನರು ಇನ್ನಷ್ಟು ಬೆಳೆಸಿ ಆ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟರು. ಆ ಎತ್ತುಗಳ ನಡಿಗೆಯ ವೇಗಕ್ಕೆ ಶತ್ರುಗಳೇ ಬೆರಗಾಗಿದ್ದರು. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳನ್ನು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೃತ ಮಹಲ್ ತಳಿಯ ಮೂಲವೂ ಹಳ್ಳಿಕಾರೇ.

ನಾಲ್ಕನೆಯದು ಹೊರಗಿನ ವಿದ್ಯೆ. 1787ರಲ್ಲಿ ಹೊರಟ ಮೂವರು ರಾಯಭಾರಿಗಳು 1788ರ ಆಗಸ್ಟಿನಲ್ಲಿ ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯನ್ನು ಕಂಡರು. ಸೈನ್ಯದ ನೆರವಿನ ಜೊತೆಗೆ ಅವರು ಕೇಳಿದ್ದು ಫಿರಂಗಿ ಎರಕದವರು, ಗಡಿಯಾರದವರು, ಗಾಜಿನ ಕೆಲಸದವರು, ನೇಕಾರರು, ತೋಟಗಾರರು. ಸೈನ್ಯ ಬರಲಿಲ್ಲ, ಕೆಲವು ಕುಶಲಕರ್ಮಿಗಳು ಬಂದರು.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಮುಚ್ಚಿಡದೆ ಹೇಳಬೇಕು. ಫ್ರೆಂಚ್ ಕುಶಲಕರ್ಮಿಯೊಬ್ಬ ಫಿರಂಗಿಯ ನಳಿಗೆ ಕೊರೆಯಲು ನೀರಿನ ಚಕ್ರದಿಂದ ನಡೆಯುವ ಯಂತ್ರ ಮಾಡಿಕೊಟ್ಟಿದ್ದ. ಸುಲ್ತಾನರು ಆ ನೀರಿನ ಚಕ್ರವನ್ನು ತೆಗೆಸಿ ಎತ್ತುಗಳನ್ನು ಹೂಡಿಸಿದರೆಂದು ಬುಕಾನನ್ ಬರೆದಿದ್ದಾನೆ. ಸೋತವರ ಬಗ್ಗೆ ಗೆದ್ದವರು ಬರೆದದ್ದನ್ನು ಎಚ್ಚರದಿಂದ ಓದಬೇಕು, ನಿಜ. ಆದರೂ ಅದು ಸತ್ಯವಾದರೆ, ಹೊಸ ಯಂತ್ರ ತರಿಸುವುದಕ್ಕೂ ಅದರ ಶಕ್ತಿಯನ್ನು ಅರಿಯುವುದಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ತಿಳಿಯುತ್ತದೆ.

ನಂದಿ ಬೆಟ್ಟದ ಪಾಠ

1789ರ ಕೊನೆಯಲ್ಲಿ ತಿರುವಾಂಕೂರಿನ ಗಡಿಗೋಡೆಯ ಮೇಲೆ ಸುಲ್ತಾನರು ದಾಳಿ ಮಾಡಿದರು. ಅದರಿಂದ ಮೂರನೇ ಯುದ್ಧ ಹೊತ್ತಿಕೊಂಡಿತು. ಈ ಬಾರಿ ಇಂಗ್ಲಿಷರು, ನಿಜಾಮರು, ಮರಾಠರು ಮೂವರೂ ಒಂದಾದರು. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಬಿತ್ತು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಶಹೀದರಾದರು. ನಂತರ ಕಾರ್ನ್‌ವಾಲಿಸನ ಸೈನ್ಯ ನಮ್ಮ ಕಡೆ ತಿರುಗಿತು. ಸುಲ್ತಾನರು ಹುಟ್ಟಿದ ದೇವನಹಳ್ಳಿಯೇ ಶತ್ರುವಿನ ಕೈಸೇರಿತು.

ಉಳಿದದ್ದು ನಂದಿದುರ್ಗ. ಸುತ್ತ ಕಡಿದಾದ ಬಂಡೆ, ಹತ್ತಬಹುದಾದ ಒಂದೇ ಕಡೆಯಲ್ಲಿ ಎರಡು ಸಾಲು ಗೋಡೆ. ಇಂಥ ಬೆಟ್ಟಕ್ಕೆ ಭಾರೀ ಫಿರಂಗಿ ಏರಿಸಲು ಯಾರಿಂದಲೂ ಆಗದೆಂಬ ನಂಬಿಕೆಯ ಮೇಲೆ ಆ ಕೋಟೆ ನಿಂತಿತ್ತು. 1791ರ ಸೆಪ್ಟೆಂಬರಿನಲ್ಲಿ ಮೇಜರ್ ಗೌಡಿ ಮುತ್ತಿಗೆ ಹಾಕಿದ. ಅವನ ಜನ ಬೆಟ್ಟದ ಮೈಯಲ್ಲಿ ದಾರಿ ಕಡಿದರು, ಆನೆಗಳ ಬಲದಿಂದ ಫಿರಂಗಿಗಳನ್ನು ಮೇಲೇರಿಸಿದರು. ಸುಮಾರು ಮೂರು ವಾರ ಗೋಡೆಗೆ ಹೊಡೆದು ಕಂಡಿ ಮಾಡಿದರು. ಅಕ್ಟೋಬರ್ ಮೂರನೇ ವಾರದ ಒಂದು ಬೆಳದಿಂಗಳ ರಾತ್ರಿ ನುಗ್ಗಿ ಕೋಟೆ ಹಿಡಿದರು.

ಓದುಗರೇ, ನಮ್ಮೂರಿನಿಂದ ಆ ಬೆಟ್ಟ ನೋಡುವಾಗ ಈ ಮಾತು ನೆನೆಯಿರಿ. ಕಾವಲಿನವರ ಧೈರ್ಯಕ್ಕೆ ಕೊರತೆ ಇರಲಿಲ್ಲ. ರಾಕೆಟ್ ಬಯಲಿನಲ್ಲಿ ಕುದುರೆ ದಳವನ್ನು ಚದುರಿಸಬಲ್ಲದು, ಮದ್ದಿನ ಬಂಡಿ ಸುಡಬಲ್ಲದು. ಆದರೆ ಮಣ್ಣಿನ ದಿಬ್ಬದ ಹಿಂದೆ ಭದ್ರವಾಗಿ ಕೂತ ಭಾರೀ ಫಿರಂಗಿಯನ್ನು ಅದು ಅಲುಗಿಸಲಾರದು. ರಾಕೆಟ್ಟಿಗೆ ಗುರಿ ಕಡಿಮೆ, ಫಿರಂಗಿ ಒಂದೇ ಜಾಗಕ್ಕೆ ನೂರು ಸಲ ಹೊಡೆಯುತ್ತದೆ. ಒಂದು ಆಯುಧ ಎಷ್ಟೇ ಹೊಸದಾದರೂ ಎಲ್ಲ ಕೆಲಸಕ್ಕೂ ಒದಗುವುದಿಲ್ಲ ಎಂಬುದೇ ನಂದಿ ಬೆಟ್ಟದ ಪಾಠ.

ಎರಡನೇ ಬಿಡುವು: 1792ರಿಂದ 1799

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಹಣ ತೀರುವವರೆಗೆ ಇಬ್ಬರು ಚಿಕ್ಕ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಇಜುದ್ದೀನ್, ಇಂಗ್ಲಿಷರ ಒತ್ತೆಯಾಳುಗಳಾಗಿ ಮದರಾಸಿಗೆ ಹೋದರು. ಎರಡು ವರ್ಷದ ನಂತರ, 1794ರ ಮಾರ್ಚಿನಲ್ಲಿ, ಆ ಮಕ್ಕಳನ್ನು ತಂದೆಗೆ ಒಪ್ಪಿಸಿದ್ದು ದೇವನಹಳ್ಳಿಯಲ್ಲಿ. ತಾನು ಹುಟ್ಟಿದ ಮಣ್ಣಿನಲ್ಲಿ ನಿಂತು, ಒತ್ತೆಯಿಟ್ಟ ಮಕ್ಕಳನ್ನು ಮರಳಿ ಪಡೆದ ತಂದೆಯನ್ನು ಕಲ್ಪಿಸಿಕೊಳ್ಳಿ. ಈ ಘಟನೆ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ನಡೆಯಿತು.

ಆ ಏಳು ವರ್ಷ ಸುಲ್ತಾನರು ಮತ್ತೆ ದುಡಿದರು. ಗಡುವಿನೊಳಗೆ ದಂಡ ತೀರಿಸಿದರು. ಶತ್ರುವಿಗೆ ಆಶ್ರಯವಾದೀತೆಂದು ಬೆಂಗಳೂರು ಕೋಟೆಯನ್ನು ಕೆಡವಿಸಿದರು. ಶ್ರೀರಂಗಪಟ್ಟಣದ ಹೊರಗೋಡೆಯ ಒಳಗೆ ಇನ್ನೊಂದು ಗೋಡೆ, ಇನ್ನೊಂದು ಕಂದಕ ತೋಡಿಸತೊಡಗಿದರು. ಫಿರಂಗಿ, ಬಂದೂಕು, ರಾಕೆಟ್ ತಯಾರಿಕೆ ನಿಲ್ಲಲಿಲ್ಲ. ಆದರೆ ಅರ್ಧ ರಾಜ್ಯದ ಜೊತೆ ಅರ್ಧ ಆದಾಯವೂ ಹೋಗಿತ್ತು. ಎದುರಾಳಿಯ ಹಿಂದೆ ಬಂಗಾಳದ ಕಂದಾಯ, ಸಮುದ್ರದಾಚೆಯ ಸಾಲ, ಹಡಗುಗಳಿದ್ದವು. ನೆರೆಯ ರಾಜ್ಯಗಳಲ್ಲಿ ಒಂದೂ ಸುಲ್ತಾನರ ಪಕ್ಕಕ್ಕೆ ಬರಲಿಲ್ಲ.

ನ್ಯಾಯವಾಗಿ ಇನ್ನೊಂದು ಮಾತು. ಕೊಡಗಿನಲ್ಲಿ, ಮಲಬಾರಿನಲ್ಲಿ ಸುಲ್ತಾನರ ಸೈನ್ಯದಿಂದ ನೊಂದವರ ನೆನಪು ಇಂದಿಗೂ ಇದೆ. ಅದೇ ಸುಲ್ತಾನರು 1791ರಲ್ಲಿ ಮರಾಠಾ ದಂಡು ಲೂಟಿ ಮಾಡಿದ ಶೃಂಗೇರಿ ಮಠದ ಸ್ವಾಮಿಗಳಿಗೆ ಗೌರವದಿಂದ ಕನ್ನಡದಲ್ಲಿ ಪತ್ರ ಬರೆಸಿ ನೆರವು ಕಳಿಸಿದ ದಾಖಲೆಯೂ ಇದೆ. ಒಂದನ್ನು ಹೇಳಿ ಇನ್ನೊಂದನ್ನು ಮರೆಸುವುದು ಕಲಿತವರ ಲಕ್ಷಣವಲ್ಲ.

ಕೊನೆಯ ತಿಂಗಳು

1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯ ಶ್ರೀರಂಗಪಟ್ಟಣ ತಲುಪಿತು. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲೊಳಗೆ ಬಂದ ರಾಕೆಟ್ ಮತ್ತು ಬಂದೂಕಿನ ಹೊಡೆತಕ್ಕೆ ಕರ್ನಲ್ ವೆಲ್ಲೆಸ್ಲಿ ದಿಕ್ಕುತಪ್ಪಿ ಹಿಂದೆ ಸರಿದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಆದರೆ ಒಂದು ರಾತ್ರಿಯ ಗೆಲುವು ಮುತ್ತಿಗೆಯನ್ನು ನಿಲ್ಲಿಸಲಿಲ್ಲ. ಭಾರೀ ಫಿರಂಗಿಗಳು ಕಾವೇರಿಯ ಆಚೆಯಿಂದ ವಾಯುವ್ಯ ಮೂಲೆಯ ಗೋಡೆಯನ್ನು ದಿನವೂ ಕೊರೆದವು. ಮೇ 2ರಂದು ಶತ್ರುವಿನ ಗುಂಡೊಂದು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಬಿದ್ದು ದೊಡ್ಡ ಸ್ಫೋಟವಾಯಿತು. ಪೊಳ್ಳಿಲೂರಿನಲ್ಲಿ ಶತ್ರುವಿಗೆ ಆದದ್ದು ಇಲ್ಲಿ ನಮಗಾಯಿತು.

ಮೇ 4ರ ಮಧ್ಯಾಹ್ನ ಒಂದರ ಸುಮಾರಿಗೆ ಶತ್ರು ಸೈನ್ಯ ನದಿ ದಾಟಿತು. ಸುಲ್ತಾನರು ಓಡಿಹೋಗಲಿಲ್ಲ, ಶರಣಾಗಲೂ ಇಲ್ಲ. ಸಾಮಾನ್ಯ ಸಿಪಾಯಿಯಂತೆ ಹೋರಾಡಿ, ಕೋಟೆಯ ಒಳಬಾಗಿಲ ಬಳಿ ಶಹೀದರಾದರು. ಮರುದಿನ ಗಂಜಾಮಿನ ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ದಫನ್ ನಡೆಯಿತು. ಆ ಸಂಜೆ ಸಿಡಿಲು ಮಳೆ ಅಬ್ಬರಿಸಿತೆಂದು ಅಲ್ಲಿದ್ದ ಇಂಗ್ಲಿಷರೇ ಬರೆದಿದ್ದಾರೆ.

ಕೋಟೆಯಲ್ಲಿ ಒಂಬೈನೂರಕ್ಕೂ ಹೆಚ್ಚು ಫಿರಂಗಿಗಳು ಸಿಕ್ಕವು. ಹೊಡೆಯಲು ಸಿದ್ಧವಾಗಿದ್ದ 700 ರಾಕೆಟ್ಟುಗಳು, ಇನ್ನೂ ಮದ್ದು ತುಂಬದ 9000 ಖಾಲಿ ನಳಿಗೆಗಳು ಸಿಕ್ಕವು. ಈ ಎರಡು ಅಂಕಿಗಳನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಡಿ.

ಹೋದ ವಿದ್ಯೆ, ಉಳಿದ ನಳಿಗೆ

ಮೈಸೂರಿನ ರಾಕೆಟ್ಟುಗಳು ಲಂಡನ್ ಬಳಿಯ ವೂಲಿಚ್‌ಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ 1804ರಿಂದ ಪ್ರಯೋಗ ಆರಂಭಿಸಿದ. ಯಾವ ಮದ್ದು, ಎಷ್ಟು ತೂಕ, ಎಷ್ಟು ಉದ್ದ, ಎಷ್ಟು ದೂರ ಎಂದು ಅಳೆದು ಬರೆದಿಟ್ಟ, ಅಚ್ಚು ಹಾಕಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಅವನ ರಾಕೆಟ್ ಬಿದ್ದವು. ಬಾಲ್ಟಿಮೋರಿನ ಆ ರಾತ್ರಿಯೇ ಅಮೆರಿಕದ ರಾಷ್ಟ್ರಗೀತೆ ಹುಟ್ಟಲು ಕಾರಣವಾಯಿತು. 1960ರ ದಶಕದಲ್ಲಿ ತರಬೇತಿಗೆ ಅಮೆರಿಕಕ್ಕೆ ಹೋದ ನಮ್ಮ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ವಾಲಪ್ಸ್ ರಾಕೆಟ್ ಕೇಂದ್ರದ ಗೋಡೆಯ ಮೇಲೆ ಟಿಪ್ಪು ಸೈನ್ಯದ ಚಿತ್ರ ಕಂಡು ಹೆಮ್ಮೆಪಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಕಾಂಗ್ರೀವ್‌ನ ಹೆಸರು ಪುಸ್ತಕಗಳಲ್ಲಿದೆ. ಆ ನಳಿಗೆ ಬಡಿದ ನಮ್ಮ ಕಮ್ಮಾರರ ಹೆಸರನ್ನು ಚರಿತ್ರೆ ಉಳಿಸಿಕೊಳ್ಳಲಿಲ್ಲ. ಅವರ ಕೈಯಲ್ಲಿ ಹುನರ್ ಇತ್ತು. ಅದನ್ನು ಅಳೆದು, ಬರೆದು, ಮುಂದಿನವರಿಗೆ ಕಲಿಸುವ ಶಾಲೆ ಬೆಳೆಯಲು ಕಾಲ ಬಿಡಲಿಲ್ಲ. ಕೋಟೆ ಬಿದ್ದ ದಿನ ವಿದ್ಯೆಯೂ ಬಿತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ವಿದ್ಯೆ ಬಾವಿಯ ಕೆಸರಿನಲ್ಲಿ ಮಲಗಿತ್ತು.

ಈಗ ಹಿಂದಿನ ಬೆಂಚಿನ ಹುಡುಗನಿಗೆ ಉತ್ತರ ಕೊಡಬಹುದು. ಮಗೂ, ದ್ರೋಹ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲವನ್ನೂ ಒಬ್ಬ ದ್ರೋಹಿಯ ತಲೆಗೆ ಕಟ್ಟಿದರೆ ನಾವು ಕಲಿಯಬೇಕಾದದ್ದು ಏನೂ ಉಳಿಯುವುದಿಲ್ಲ. ಹಣ, ಮಿತ್ರರು, ಕಾಲ ಮೂರೂ ಸುಲ್ತಾನರಿಗೆ ಕಡಿಮೆಯಾದವು. ಹುನರ್ ಇಲ್ಮ್ ಆಗಿ ಬೆಳೆಯುವ ಮೊದಲೇ ಯುದ್ಧ ಬಂದುಬಿಟ್ಟಿತು.

ವಿದ್ಯಾರ್ಥಿ ಮಿತ್ರರೇ, ಇಂದು ದೇವನಹಳ್ಳಿಯ ಪಕ್ಕದಲ್ಲೇ ವಿಮಾನ ನಿಲ್ದಾಣವಿದೆ, ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಿವೆ. ನಮ್ಮ ಮನೆಗಳಲ್ಲಿ ವೆಲ್ಡಿಂಗ್, ಲೇತ್, ಮೆಕ್ಯಾನಿಕ್ ಕೆಲಸ ಬಲ್ಲ ಕೈಗಳು ಬೇಕಾದಷ್ಟಿವೆ. ಆದರೆ ಎಸ್ಸೆಸ್ಸೆಲ್ಸಿಗೆ ಮೊದಲೇ ಶಾಲೆ ಬಿಟ್ಟ ಕೈಗಳೂ ಅವುಗಳಲ್ಲಿ ಬಹಳ. ಆ ಕೈಗಳಿಗೆ ಗಣಿತ ಕೊಡಿ, ವಿಜ್ಞಾನ ಕೊಡಿ. ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ದಾರಿ ತೋರಿಸಿ. ಹೆಣ್ಣುಮಕ್ಕಳನ್ನೂ ಆ ದಾರಿಯಲ್ಲಿ ನಡೆಸಿ. ನಮ್ಮಂಥ ಸಂಸ್ಥೆಗಳು ಇರುವುದೇ ಇದಕ್ಕಾಗಿ. ದಾಖಲಾತಿ ಪುಸ್ತಕದಲ್ಲಿ ಹೆಸರಿದ್ದು, ಕಲಿಕೆ ಇಲ್ಲದೆ ಹೊರಬರುವ ಪ್ರತಿ ಮಗುವೂ ಆ ಒಂಬತ್ತು ಸಾವಿರ ಖಾಲಿ ನಳಿಗೆಗಳಲ್ಲಿ ಒಂದು. ನಳಿಗೆ ಗಟ್ಟಿಯಾಗಿಯೇ ಇದೆ, ತುಂಬುವ ಕೆಲಸ ಮಾತ್ರ ಬಾಕಿ.

ಸುಲ್ತಾನರಿಗೆ ಸಿಕ್ಕಿದ್ದು ಎರಡು ಯುದ್ಧಗಳ ನಡುವಿನ ಕೆಲವೇ ವರ್ಷ. ನಮಗೆ ಶಾಂತಿಯ ಕಾಲ ಸಿಕ್ಕಿದೆ. ಅದನ್ನು ಕಲಿಯುವುದರಲ್ಲಿ ಕಳೆಯುವ ತೌಫೀಕನ್ನು ಅಲ್ಲಾಹನು ನಮ್ಮೆಲ್ಲರಿಗೂ ನೀಡಲಿ. ಆಮೀನ್.